ತೆಳು ಗಾಳಿ

ಮಲ್ಪೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತಂತೆ.
ಘಟ್ಟ ಹತ್ತಿ, ಲಾರಿಯಿಂದ ಇಳಿದು
ಹಾರಂಗಿಯ ಹಿನ್ನೀರು ಮುಟ್ಟಿದ್ದೇ ಏದುಸಿರು.
ಎಂಟು ಸಿಲಿಂಡರಿನ ಹಳೇ ಎಂಜಿನ್;
ಮೂತಿಯೇನೋ ಎತ್ತುತ್ತದೆ, ನೀರಿನ ಮೇಲೇರುವುದಿಲ್ಲ,
ಕೆಸರಲ್ಲಿ ಕೂತ ಎಮ್ಮೆ ಏಳಲು ನೋಡಿದ ಹಾಗೆ.

ಸ್ಕ್ರೂಡ್ರೈವರಿನ ಹಿಡಿಗೆ ಕಿವಿಯೊತ್ತಿ
ಆಲಿಕುಟ್ಟಿ ಬಹಳ ಹೊತ್ತು ಕೇಳಿದ.
"ಎಂಜಿನ್ನಿಗೇನೂ ಆಗಿಲ್ಲ. ಇಲ್ಲಿ ಗಾಳಿಯೇ ತೆಳು.
ಕಡಲ ಹತ್ತಿರ ಹತ್ತು ಗುಟುಕು ಸಿಗುವಲ್ಲಿ
ಈ ಎತ್ತರದಲ್ಲಿ ಒಂಬತ್ತೇ."

ಬೊಳ್ಳಮ್ಮನವರಿಗೆ ತಕ್ಷಣ ಅರ್ಥವಾಯಿತು.
ಎರಡೂ ಮಂಡಿಗೆ ಸ್ಟೀಲು ಹಾಕಿಸಿಕೊಂಡವರು,
ಬಿಡಿಭಾಗಗಳ ಬಗ್ಗೆ ಅವರಿಗೆ ನಾಚಿಕೆಯಿಲ್ಲ.
"ಹಾಗಾದರೆ ಗಾಳಿ ಹಾಕಿ" ಎಂದರು,
ಸೈಕಲ್ ಅಂಗಡಿಯಲ್ಲಿ ಹೇಳುವಂತೆ.

ಕೊಯಮತ್ತೂರಿನಿಂದ ಬಂತು ಸೂಪರ್‌ಚಾರ್ಜರ್,
ಗೋಣಿಯೊಳಗೆ, ಯಾವನೋ ರೇಸಿನವನು ಬಿಟ್ಟದ್ದು.
ಒಳಗೆ ಎರಡು ರೋಟರು, ಒಂದನ್ನೊಂದು ಮುಟ್ಟದೆ
ಒಂದರ ತಗ್ಗಿನಲ್ಲಿ ಇನ್ನೊಂದರ ಉಬ್ಬು.
ಕೂದಲೆಳೆ ಸಂದು. ನಾನು ಬೆರಳಲ್ಲಿ ತಿರುಗಿಸಿದೆ,
ಮುಖಕ್ಕೆ ಉಫ್ ಎಂದಿತು.

ನನ್ನದು ಲೇತು, ಕುಶಾಲನಗರದಲ್ಲಿ, ಬೈಚನಹಳ್ಳಿ ದಾರಿಗೆ.
ಪಲ್ಪರಿನ ಶಾಫ್ಟು, ಅಕ್ಕಿ ಮಿಲ್ಲಿನ ಬುಶ್ಶು
ಇವೇ ಕಸುಬು. ಬೋಟಿನ ಪುಲ್ಲಿ ಇದೇ ಮೊದಲು.
ಎಪ್ಪತ್ತಾರು ಮಿಲಿಮೀಟರು ಎಂದ ಆಲಿಕುಟ್ಟಿ,
ಒಂದು ಕೂದಲೂ ಕಡಿಮೆ ಬೇಡ.
ಕೂದಲ ಮಾತು ಅವನಿಗೆ ಸುಲಭ, ಬೋಳುತಲೆ.

ಇದರ ಲೆಕ್ಕ ವಿಚಿತ್ರ:
ಎಂಜಿನ್ನಿನ ಬಲವನ್ನೇ ಬೆಲ್ಟಿನಲ್ಲಿ ಕಿತ್ತುಕೊಂಡು
ಎಂಜಿನ್ನಿನ ಗಂಟಲಿಗೇ ಉಸಿರಾಗಿ ತುರುಕುವುದು.
ಚೀಟಿ ಹಾಕಿದ ಹಾಗೆ.
ಕೊಟ್ಟದ್ದಕ್ಕಿಂತ ಹೆಚ್ಚು ಬರುತ್ತದೆಂದು
ಮೊದಲು ನಂಬಬೇಕು.

ಕಾರ್ಬುರೇಟರ್ ಬಿಚ್ಚಿ ಅದರ ಜಾಗದಲ್ಲಿ ಕೂರಿಸಿದೆವು.
ಹೆಡ್ಡಿಗೆ ದಪ್ಪನೆಯ ಗ್ಯಾಸ್ಕೆಟ್ಟು,
ಕಿಡಿಯನ್ನು ನಾಲ್ಕು ಡಿಗ್ರಿ ತಡ ಮಾಡಿ.
ಬೆಲ್ಟು ಎರಡು ಸಲ ಜಾರಿತು,
ಮೂರನೆಯ ಸಲ ಬೈಗುಳಕ್ಕೆ ಹೆದರಿ ನಿಂತಿತು.

ಭಾನುವಾರ ಬೆಳಗ್ಗೆ, ಮಂಜು ಇನ್ನೂ ನೀರಿನ ಮೇಲೆ.
ಬೊಳ್ಳಮ್ಮ ಸ್ಟೀರಿಂಗಿನಲ್ಲಿ, ನಾನು ಗೇಜಿನ ಪಕ್ಕ.
ಮೂತಿ ಎತ್ತಿತು. ಎಮ್ಮೆ ಎದ್ದೇ ಬಿಟ್ಟಿತು!
ಹಲ್ಲು ಕಚ್ಚಿಕೊಂಡು ಹಾಡುವವರ ದನಿ ಹಿಂದಿನಿಂದ,
ಸತ್ತ ಮರದ ತುದಿಗಳಿಂದ ಬೆಳ್ಳಕ್ಕಿಗಳು
ಒಟ್ಟಿಗೆ ಹಾರಿದವು.
ಕೆಳಗೆ ನನ್ನ ಅಜ್ಜಿಯ ಗದ್ದೆಯಿತ್ತಂತೆ.
ಆ ಮಾತು ಈಗ ಬೇಡ, ನೋಡಬೇಕಾದ್ದು ಮುಳ್ಳು:
ನಾಲ್ಕು, ಐದು, ಏಳು ಪೌಂಡು.
ಅವರು ನಗುತ್ತಿದ್ದರು. ಸದ್ದು ಕೇಳಿಸಲಿಲ್ಲ,
ಬಾಯಿ ಮಾತ್ರ ತೆರೆದಿತ್ತು, ತುಂಬ ಗಾಳಿ.

ದಡಕ್ಕೆ ಬಂದು ಪ್ಲಗ್ಗು ಬಿಚ್ಚಿದೆವು.
ಏಳರ ಬಣ್ಣ ಹಾಲು ಬಿದ್ದ ಕಾಫಿ.
ಆರನೆಯದು ಮಾತ್ರ
ಸುಣ್ಣದಷ್ಟು ಬಿಳಿ.

"ಪುಲ್ಲಿ ಇನ್ನೂ ಚಿಕ್ಕದು ಮಾಡಿದರೆ?" ಎಂದರು ಅಷ್ಟರಲ್ಲೇ.
"ಎಪ್ಪತ್ತಕ್ಕೆ ಇಳಿಸಿದರೆ ಹತ್ತು ಪೌಂಡು ಬರುತ್ತದಲ್ಲ?"
ಮಗ್ಗಿ ಬಾಯಿಪಾಠ ಮಾಡಿಕೊಂಡೇ ಬಂದಿದ್ದರು.
ನಾನು ಬೇಡ ಎನ್ನಲಿಲ್ಲ.
ಆರನೇ ಪ್ಲಗ್ಗನ್ನು ಅವರ ಅಂಗೈಯಲ್ಲಿಟ್ಟೆ.
"ಬಿಸಿ" ಎಂದರು. ಕೆಳಗೆ ಹಾಕಲಿಲ್ಲ.
"ಪಿಸ್ಟನ್ನು ಇದಕ್ಕಿಂತ ಬಿಸಿ" ಎಂದ ಆಲಿಕುಟ್ಟಿ,
ಎಣ್ಣೆ ಕೈಯಲ್ಲೇ ಬೀಡಿ ಹುಡುಕುತ್ತ.

ಜೆಟ್ ದೊಡ್ಡದು ಮಾಡಿದೆವು. ಪ್ಲಗ್ಗಿಗೆ ಬಣ್ಣ ಬಂತು.
ಕೂಲಿಯ ಜೊತೆ ಒಂದು ಬಾಟಲಿ ಕಾಚಂಪುಳಿ ಕಳಿಸಿದರು.

ಆದರೆ ಆ ರಾತ್ರಿಯೇ, ಚಕ್ಕಿನಲ್ಲಿ ಇನ್ನೂ
ಅಲ್ಯೂಮಿನಿಯಂ ತುಂಡೊಂದು ಉಳಿದಿತ್ತು ನೋಡಿ,
ಕೈ ಸುಮ್ಮನಿರಲಿಲ್ಲ.
ಎಪ್ಪತ್ತು ಮಿಲಿಮೀಟರು. ಕನ್ನಡಿಯಂಥ ಫಿನಿಶ್ಶು.
ಡ್ರಾಯರಿನಲ್ಲಿ, ಕರೆಂಟು ಬಿಲ್ಲುಗಳ ಮೇಲೆ
ಭಾರಕ್ಕೆ ಇಟ್ಟಿದ್ದೇನೆ.
ಪಲ್ಪರಿನ ನೆಪ ಹೇಳಿ ಬಂದಾಗಲೆಲ್ಲ
ಬೊಳ್ಳಮ್ಮ ಆ ಕಡೆ ಒಮ್ಮೆ ನೋಡುತ್ತಾರೆ.
ಡ್ರಾಯರಿಗೆ ಬೀಗವಿಲ್ಲ.