ಆರು ಲೀಟರ್

ಮೊದಲು ಬಾಲ ಎತ್ತಬೇಕು, ಅಂದರು ಝರೆಪ್ಪ.
ನೆಲದ ಮೇಲಿನ ವಿಮಾನ ಹಿಂಗಾಲೂರಿ ಕೂತ ನಾಯಿ,
ಪೆಟ್ರೋಲೆಲ್ಲ ಹಿಂದಕ್ಕೆ ಸರಿದಿರುತ್ತದೆ,
ಆಗ ಕೇಳಿದರೆ ಟ್ಯಾಂಕು ಸುಳ್ಳೇ ಹೇಳುತ್ತದೆ.
ಕಮಠಾಣದಾಚೆ ಕೆಂಪುಕಲ್ಲಿನ ಶೆಡ್ಡಿನಲ್ಲಿ
ಖಾಲಿ ಡ್ರಮ್ಮು, ಡ್ರಮ್ಮಿನ ಮೇಲೆ ಗೋಣಿ, ಗೋಣಿಯ ಮೇಲೆ ಬಾಲ.
ರಸಮಟ್ಟದ ಗುಳ್ಳೆ ನಡುವಿಗೆ ಬಂದು ನಿಂತಾಗ
"ಈಗ ಹಾರ್ಲತ್ತದ ನೋಡು" ಅಂದರು,
ಚಕ್ರಕ್ಕೆ ಇಟ್ಟಿಗೆ ಕೊಟ್ಟಿದ್ದ ಅದನ್ನು ತೋರಿಸಿ.

ಮೂವತ್ತೊಂದು ವರ್ಷ ಬೇರೆಯವರ ವಿಮಾನದ ಮೀಟರ್ ತಿದ್ದಿದವರು.
ಹೈದರಾಬಾದಿನಿಂದ ಬಸ್ಸಿನ ಟಾಪಿನ ಮೇಲೆ
ಹಾಳೆ ಹಾಳೆಯಾಗಿ ತಂದದ್ದು ಈ ರೆಕ್ಕೆ.
ನಾನು ಮೆಹರುನ್ನಿಸಾ, ಚೌಬಾರದ ಹತ್ತಿರ
ಸ್ಕೂಟರಿನ ಮೀಟರ್ ರಿಪೇರಿ ಮಾಡುವವಳು.
ನನಗೆ ವಹಿಸಿದ್ದು ಒಂದು ಕೆಂಪು ದೀಪ, ಅದರ ವೈರು.

ಒಂದೊಂದೇ ಲೀಟರ್ ಸುರಿದು
ಬಿದಿರು ಕಡ್ಡಿ ಅದ್ದಿ ಗೀರು ಹಾಕಿದೆವು.
ಮೊದಲಿನ ಎರಡು ಲೆಕ್ಕಕ್ಕಿಲ್ಲ,
ತಳದ ಮೂಲೆಯಲ್ಲಿ ನಿಂತು ಎಂಜಿನ್ನಿಗೆ ಎಂದೂ ಸಿಗದವು.
ನಮ್ಮ ಅಮ್ಮಿ ಜೋಳದ ಗುಮ್ಮಿ ಪೂರ್ತಿ ಬಳಿಯುತ್ತಿರಲಿಲ್ಲ,
ಬರಕತ್ ಇರಲಿ ಅಂತ ಒಂದು ಹಿಡಿ ಬಿಡುತ್ತಿದ್ದಳು.
ಟ್ಯಾಂಕೂ ಬಿಡುತ್ತದೆ. ಬರಕತ್ತಿಗಲ್ಲ.

"ಆರಕ್ಕ ಹತ್ತಲಿ."
ಆರರಲ್ಲಿ ಎರಡು ಹೋದರೆ ನಾಲ್ಕು,
ಗಂಟೆಗೆ ಹದಿನಾರು ಕುಡಿಯುವ ಎಂಜಿನ್ನಿಗೆ ಅದು ಕಾಲು ತಾಸು.
"ಮಾಂಜ್ರಾ ದಾಟಿದಾಗ ಹತ್ತಿದ್ರ ಎಲ್ಲಿ ಇಳೀತೀರಿ, ಕಬ್ಬಿನ್ಯಾಗ?
ಎಂಟಕ್ಕ ಇಡ್ರಿ."
"ಎಂಟಕ್ಕ ಇಟ್ರ ದಿನಾ ಹತ್ತತದ.
ದಿನಾ ಹತ್ತೋ ದೀಪ ಯಾರ್ ನೋಡ್ತಾರ, ಬೇಟಿ?"
ಅದೂ ಖರೆ.

ರೆಕ್ಕೆ ಹಿಡಿದು ಅಲ್ಲಾಡಿಸಿದೆ.
ಒಳಗೆ ಅಲೆ ಎದ್ದು ದೀಪ ಹತ್ತಿತು, ಆರಿತು, ಹತ್ತಿತು.
ಒಂದು ಕೆಪಾಸಿಟರ್ ಬೆಸೆದು ಅದಕ್ಕೆ ತಾಳ್ಮೆ ಕಲಿಸಿದೆ:
ಹತ್ತು ಸೆಕೆಂಡ್ ಒಂದೇ ಸಮ ಒಣಗಿದ್ದರಷ್ಟೇ ಹೇಳು,
ಅಲ್ಲಿಯವರೆಗೆ ಸುಮ್ಮನಿರು.
ಕ್ಯಾನಿಗೆ ಪೆಟ್ರೋಲ್ ಇಳಿಸುತ್ತ ಇಬ್ಬರೂ ಬಗ್ಗಿ ಕೂತೆವು.
ಆರರ ಗೀರಿಗೆ ಸರಿಯಾಗಿ ಕೆಂಪಾಯಿತು.
ಝರೆಪ್ಪ ಕನ್ನಡಕ ಒರೆಸಿಕೊಂಡರು, ಬಹಳ ಹೊತ್ತು.

ಮನೆಯ ದಾರಿಯಲ್ಲಿ, ನೌಬಾದಿನ ಏರಿನಲ್ಲಿ, ನನ್ನ ಸ್ಕೂಟರ್ ಕೆಮ್ಮಿತು.
ಅದರ ಮುಳ್ಳು ನಾಲ್ಕು ವರ್ಷದಿಂದ ಫುಲ್ಲಿನಲ್ಲೇ ಇದೆ,
ತಿದ್ದಲು ಪುರಸೊತ್ತಾಗಿಲ್ಲ.
ಎಡಕ್ಕೆ ಮಲಗಿಸಿ, ಟ್ಯಾಂಕಿಗೆ ಕಿವಿ ಹಚ್ಚಿ ಅಲ್ಲಾಡಿಸಿದೆ.
ಗುಟುಕಿನಷ್ಟು ಸದ್ದು.
ಕಿಕ್ ಹೊಡೆಯುವ ಮೊದಲು ಫೋನ್ ಹಚ್ಚಿದೆ.
"ಎಂಟು" ಅಂದೆ.
ಆ ಕಡೆ ಹತ್ತು ಸೆಕೆಂಡ್ ಏನೂ ಇಲ್ಲ.
ಆಮೇಲೆ, "ಹೂಂ."