ಮಣ್ಣಿಗೆ ಎಂಟು ವರ್ಷ

ಸುಂಗೈ ರಾಂಬೆ ಹೊಗೆಸೊಪ್ಪಿನ ತೋಟದಲ್ಲಿ
ಡಚ್ಚರದೊಂದು ಕಟ್ಟುನಿಟ್ಟು:
ಒಂದು ಬೆಳೆ ತೆಗೆದರೆ ಮಣ್ಣಿಗೆ
ಎಂಟು ವರ್ಷ ವಿಶ್ರಾಂತಿ.
ಹುಲ್ಲು ಬರಲಿ, ಮುಳ್ಳು ಬರಲಿ, ಹಂದಿ ಬಂದು ಹೊರಳಲಿ,
ದಣಿದ ನೆಲವನ್ನು ಯಾರೂ ಎಬ್ಬಿಸಕೂಡದು.

ನನ್ನ ಮುತ್ತಜ್ಜಿ ಕಾರ್ತಿಯೆಮ್
ಅಜ್ಜನನ್ನು ಹೆತ್ತ ಹನ್ನೊಂದನೇ ದಿನ
ಸೊಪ್ಪಿನ ಕೊಟ್ಟಿಗೆಗೆ ಮರಳಿದಳು.
ಎಬ್ಬಿಸಿದವನು ಮೇಸ್ತ್ರಿ.

ಮೇದಾನ್ ಪಟ್ಟಣದ ಕಡತದ ಕೋಣೆಯಲ್ಲಿ
ಫ್ಯಾನು ಕಿರುಗುಡುವ ಸದ್ದಿನ ಕೆಳಗೆ
ಅವಳ ಮೂರು ಹೆಬ್ಬೆಟ್ಟು ನೋಡಿದೆ.
ಮೂರು ಕರಾರು, ಕರಾರಿಗೆ ಮೂರು ವರ್ಷ,
ಹೆಸರಿಗೆ ಒಂದೊಂದು ಸಲ ಒಂದೊಂದು ಕಾಗುಣಿತ.
ಮೊದಲನೆಯದರಲ್ಲಿ ಗೆರೆಗಳಿವೆ,
ಗುಡ್ಡದ ಗದ್ದೆಗೆ ಕಟ್ಟಿದ ಬದುಗಳ ಹಾಗೆ ಸುತ್ತಿ ಸುತ್ತಿ,
ಜಾವಾದ ಅವಳ ಊರಿನ ನಕಾಶೆ ಅದೇ ಇರಬೇಕು.
ಎರಡನೆಯದು ಅರ್ಧ ಸವೆದದ್ದು.
ಮೂರನೆಯದು ಬರೀ ಮಸಿ.

ಕೂಲಿ ಎಂದರೆ ಕೊಟ್ಟ ಕಾಸೋ, ಕೊಂಡ ಆಳೋ—
ಲೆಕ್ಕದ ಪುಸ್ತಕ ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿದೆ.

ಚೀನಾದವರು ಗಿಡಕ್ಕೆ, ಜಾವಾದವರು ಸೊಪ್ಪು ಆರಿಸಲು,
ಕೊಟ್ಟಿಗೆಗೆ ಸೋಗೆ ಹೊದಿಸಲು ಬಟಕ್ ಜನ,
ಎತ್ತಿನ ಗಾಡಿಗೆ ತಮಿಳರು,
ಗೇಟಿನಲ್ಲಿ ಪೇಟದ ಸಿಖ್ಖನೊಬ್ಬ.
ಎಲ್ಲರ ಮೇಲೆ, ಬಿಳೀ ಬಟ್ಟೆಯ ದೊರೆ ಫಾನ್ ಹೌವೆಲಿಂಗ,
ಕೈಯಲ್ಲಿ ಥರ್ಮಾಮೀಟರು.
ರಾಶಿ ಹಾಕಿದ ಸೊಪ್ಪು ಒಳಗೊಳಗೇ ಕಾಯುತ್ತದೆ,
ಮೀರಿ ಕಾದರೆ ಕೆಟ್ಟೇ ಹೋಗುತ್ತದೆ.
ಬಿದಿರಿನ ಕೊಳವೆ ತೂರಿಸಿ
ದಿನಕ್ಕೆರಡು ಸಲ ಜ್ವರ ನೋಡುತ್ತಿದ್ದ.
ಸೊಪ್ಪಿನ ಜ್ವರ.

ನಲವತ್ತು ಎಲೆಗೆ ಒಂದು ಕಂತೆ.
ಕಂದಿನಲ್ಲೇ ಹದಿನಾಲ್ಕು ಬಣ್ಣ ಅವಳಿಗೆ ಗೊತ್ತಿತ್ತು.
ಬೆರಳಿನ ಅಂಟು ಬೂದಿ ಹಾಕಿ ಉಜ್ಜಿದರೂ ಬಿಡದು,
ಕಲಸಿದ ಅನ್ನ ಕಹಿ,
ಮಗು ಮೊಲೆಯಿಂದ ಮುಖ ತಿರುಗಿಸಿತಂತೆ.

ಮೊದಲ ಕರಾರು ಮುಗಿದ ವಾರವೇ ಅಂಗಳದಲ್ಲಿ
ದೀಪ ಹಚ್ಚಿ ಜೂಜಿನ ಚಾಪೆ ಹಾಸಿದರು,
ಕುಣಿಯುವವರನ್ನು ಕರೆಸಿದರು, ಕೇಳಿದಷ್ಟು ಮುಂಗಡ.
ಅವಳು ಜೂಜಾಡಲಿಲ್ಲ,
ಒಂದು ಜೊತೆ ಓಲೆ ಕೊಂಡಳು.
ಬೆಲೆ, ಇನ್ನು ಮೂರು ವರ್ಷ.
ಅದರಲ್ಲೊಂದು ಕಳಚಿ ರಾಶಿಗೆ ಬಿತ್ತು,
ಮೂಟೆ ಸೇರಿತು, ಹಡಗು ಹತ್ತಿತು.
"ನನ್ನ ಎಡಗಿವಿ ಆಮ್‌ಸ್ಟರ್‌ಡ್ಯಾಮ್ ಕಂಡಿದೆ,
ನೀವೇನು ಕಂಡಿದ್ದೀರಿ?" ಎಂದು
ಸಾಯುವ ತನಕ ಜಂಬ ಕೊಚ್ಚಿದಳಂತೆ.

ಇಪ್ಪತ್ತಾರನೇ ಪುಟದಲ್ಲಿ ಒಂದು ಹೆಸರು: ಲಿಮ್ ಬುನ್ ಚಾಯ್.
ಅವನ ಸಾಲಿನಲ್ಲಿ ಒಂದು ಹುಳು ಉಳಿದರೂ
ಅವನ ಬಾಯಿಗೇ ಹಾಕಿಸುತ್ತಿದ್ದರು—
ಇದು ಪುಸ್ತಕದಲ್ಲಿಲ್ಲ, ಅಜ್ಜ ಹೇಳಿದ್ದು.
ಪುಸ್ತಕದಲ್ಲಿರುವುದು:
ಓಡಿದ. ಹಿಡಿದು ತಂದರು.
ಓಡಿದ. ಹಿಡಿದು ತಂದರು.
ಓಡಿದ.
ಆಮೇಲೆ ಖಾಲಿ.

ಅಜ್ಜನ ಹುಟ್ಟಿನ ಚೀಟಿಯಲ್ಲೂ ಒಂದು ಖಾಲಿ,
ತಂದೆಯ ಹೆಸರು ಬರೆಯುವಲ್ಲಿ.
ಎರಡು ಖಾಲಿ ಜಾಗ ಪಕ್ಕಪಕ್ಕ ಇಟ್ಟು ನೋಡಬೇಡ
ಎಂದಳು ಅಮ್ಮ.
ನೋಡಿದೆ.

ಈಗ ಅಲ್ಲಿ ಎಣ್ಣೆತಾಳೆ.
ಗೊನೆ ತೂಗುವ ತಕ್ಕಡಿಯ ಹಿಂದೆ ನಾನೇ ಕೂರುತ್ತೇನೆ.
ತಾಳೆಗೆ ರಜೆಯಿಲ್ಲ, ಅದರ ಬೇರು ಹಿಡಿದ ಮಣ್ಣಿಗೂ.
ಲಾರಿ ಬರದ ಮಧ್ಯಾಹ್ನಗಳಲ್ಲಿ
ಬಲಗಿವಿಯ ಒಂಟಿ ಓಲೆ ಮುಟ್ಟಿ ನೋಡಿಕೊಳ್ಳುತ್ತೇನೆ.
ತಣ್ಣಗಿರುತ್ತದೆ.

ಸತ್ತಾಗ ಅವಳನ್ನು ಹೂಳಿದ್ದು
ಬಿತ್ತದೆ ಬಿಟ್ಟಿದ್ದೊಂದು ಹೊಲದ ಅಂಚಿನಲ್ಲಿ,
ಆಳೆತ್ತರದ ಹುಲ್ಲಿನ ನಡುವೆ.
ನೆಲ ಮಲಗಿ ಆರು ವರ್ಷವಾಗಿತ್ತಂತೆ.
ಇನ್ನೆರಡು ಉಳಿದಿತ್ತು.