ಅರ್ಧ ಚೋಕ್

ಕೋಡಿಬೆಂಗ್ರೆಯ ಅಳಿವೆಯಲ್ಲಿ ಬೆಳಗಿನ ಆರಕ್ಕೆ
ನೀರು ಯಾರ ಕಡೆಗೂ ಇಲ್ಲ.
ಇಳಿತ ಮುಗಿದಿದೆ, ಭರತ ಇನ್ನೂ ಹೊರಟಿಲ್ಲ.
ಆ ಹೊತ್ತಿಗೇ ನಮ್ಮ ಎಂಜಿನಿಗೆ ಮುನಿಸು.

ಗಂಗೊಳ್ಳಿಯಿಂದ ಮೂರನೇ ಕೈಯಾಗಿ ಬಂದದ್ದು.
ಎಂಟು ಹಾರ್ಸ್‌ಪವರ್ ಅಂತ ಮುಚ್ಚಳದ ಮೇಲೆ ಬರೆದಿತ್ತಂತೆ,
ಈಗ ಎಂಟು ಮಾತ್ರ ಇದೆ, ಕುದುರೆಗಳನ್ನು ಉಪ್ಪು ತಿಂದಿದೆ.
ಚೋಕಿನ ಹಿಡಿ ಮುರಿದ ಜಾಗದಲ್ಲಿ
ಬಲೆಯ ನೂಲು, ನೂಲಿನ ತುದಿಗೆ
ಚಿಕ್ಕಪ್ಪನ ಅಂಗಿಯ ಗುಂಡಿ.

ಚಿಕ್ಕಪ್ಪ, ನೋಣಯ್ಯ ತಿಂಗಳಾಯ,
ಪಕಾರ ಬಕಾರಗಳಲ್ಲಿ ಸಿಕ್ಕಿಕೊಳ್ಳುವವರು.
ಅವರು 'ಪೆಟ್ರೋಲು' ಅಂದು ಮುಗಿಸುವಷ್ಟರಲ್ಲಿ
ಹಂಗಾರಕಟ್ಟೆಯ ಬಾರ್ಜು ಹೋಗಿ ಬರುತ್ತದೆ
ಎಂದು ನಗುವವರಿದ್ದರು. ಅವರೂ ನಗುತ್ತಿದ್ದರು.
ಹಾಗಾಗಿ ನನಗೆ ಕಲಿಸಿದ್ದು ಮಾತಿನಲ್ಲಲ್ಲ,
ನನ್ನ ಕೈಮೇಲೆ ಕೈಯಿಟ್ಟು.

ಟ್ಯಾಂಕಿನ ಮುಚ್ಚಳದ ಗಾಳಿತಿರುಪು ಮೊದಲು ಸಡಿಲಿಸು.
ರಬ್ಬರ್ ಬಲ್ಬನ್ನು ಹಿಂಡು,
ಎಳೆ ಅಂಬಟೆಕಾಯಿಯಷ್ಟು ಗಟ್ಟಿಯಾಗುವ ತನಕ.
ಗುಂಡಿ ಪೂರ್ತಿ ಹೊರಗೆ:
ಒಳಗೆಲ್ಲೋ ಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತದೆ.
ಉಸಿರು ಕಟ್ಟಿಸಿ ಉಸಿರು ಬರಿಸುವ ಈ ಉಪಾಯ
ನನಗೆ ಬಹಳ ದಿನ ಅರ್ಥವಾಗಲಿಲ್ಲ.
ಹಗ್ಗವನ್ನು ಮೆಲ್ಲಗೆ ಎಳೆ,
ಹಲ್ಲು ಕಚ್ಚಿದ್ದು ಬೆರಳಿಗೆ ತಿಳಿಯುವವರೆಗೆ,
ಆಮೇಲೆ ಒಂದೇ ಜಗ್ಗು.
ಇಲ್ಲ.
ಇನ್ನೊಂದು. ಇಲ್ಲ.
ಮೂರನೆಯದಕ್ಕೆ ಒಂದು ಕೆಮ್ಮು.

ಕೆಮ್ಮಿದ ಕೂಡಲೇ ಇನ್ನೂ ಜೋರಾಗಿ ಜಗ್ಗುವವಳು ನಾನು.
ಚಿಕ್ಕಪ್ಪ ಕೈ ಅಡ್ಡ ಹಿಡಿಯುತ್ತಿದ್ದರು.
"ಉಂತ್."
ನಿಲ್ಲು ಅನ್ನುವ ಈ ಒಂದು ತುಳು ಮಾತು
ಅವರಿಗೆ ಎಂದೂ ತೊಡರಲಿಲ್ಲ.
ಎರಡು ಬೆರಳಲ್ಲಿ ಗುಂಡಿಯನ್ನು ಅರ್ಧ ಒಳಗೆ ತಳ್ಳಿ,
ತಾವೂ ಒಂದು ಉಸಿರು ಬಿಟ್ಟು,
ಹಗ್ಗವನ್ನು ನನಗೆ ತಿರುಗಿ ಕೊಡುವರು.
ಕೆಮ್ಮಿತೆಂದರೆ ಅದು ಹೊರಟಿದೆ ಅಂತ ಲೆಕ್ಕ.
ಇನ್ನೂ ಚೋಕ್ ಕೊಟ್ಟರೆ ಕುಡಿದೇ ಮುಳುಗುತ್ತದೆ.

ಇದನ್ನು ಸೊಸೈಟಿಯ ಗುಮಾಸ್ತ ಐತಪ್ಪನಿಗೆ
ಯಾರೂ ಕಲಿಸಿರಲಿಲ್ಲ.
ಚಿಕ್ಕಪ್ಪ "ಪ... ಪ..." ಅನ್ನುವಷ್ಟರಲ್ಲಿ
"ಪರ್ಮಿಟ್ಟಾ? ಪಾಸ್‌ಬುಕ್ಕಾ? ಪಂಪಾ?"
ಒಂದರ ಮೇಲೊಂದು ಬಾಯಿಗೆ ಹಾಕುವನು.
ಬೇಡದ ಕಾಗದ ಹಿಡಿದು ಚಿಕ್ಕಪ್ಪ ಮನೆಗೆ ಬಂದದ್ದುಂಟು,
ಒಮ್ಮೆ ಪಂಪ್‌ಸೆಟ್ಟಿನ ಅರ್ಜಿ.
ನಮಗೆ ಬಾವಿಯೇ ಇಲ್ಲ.

ಸೀಮೆಎಣ್ಣೆಯ ವಿಷಯಕ್ಕೆ ಸಭೆ ಕರೆದ ದಿನ
ಚಿಕ್ಕಪ್ಪ ಎದ್ದು ನಿಂತರು. ಯಾರೂ ಎಣಿಸಿರಲಿಲ್ಲ, ನಾನೂ.
ಮೊದಲ ಅಕ್ಷರಕ್ಕೇ ಬಾಯಿ ಕಟ್ಟಿತು.
ಫ್ಯಾನು ತಿರುಗಿತು.
ಐತಪ್ಪ ಬಾಯಿ ತೆರೆದ.
ಹಿಂದಿನ ಬೆಂಚಿನಿಂದ, ನನಗೇ ತಿಳಿಯದೆ,
"ಉಂತ್" ಅಂದೆ.
ಚಿಕ್ಕಪ್ಪನ ಎರಡು ಬೆರಳು ಸೊಂಟದ ಹತ್ತಿರ
ಗಾಳಿಯಲ್ಲಿ ಏನನ್ನೋ ತಳ್ಳಿದವು, ಅರ್ಧ.

"ಬ್ಯಾರಲ್ಲಿನ ಅಳತೆ ಸರಿ ಇಲ್ಲ," ಅಂದರು.
"ನಾಲ್ಕು ಲೀಟರ್ ಕಮ್ಮಿ ಬರ್ತದೆ.
ನಾನು ಮೂರು ತಿಂಗಳು ಅಳೆದು ನೋಡಿದ್ದೇನೆ."
ಕುಳಿತರು.
ಚಪ್ಪಾಳೆಗಿಪ್ಪಾಳೆ ಏನೂ ಆಗಲಿಲ್ಲ.
ಬ್ಯಾರಲ್ ಅಳೆಯಲು ಮಾತ್ರ
ಐದಾರು ಮಂದಿ ಎದ್ದು ಹೋದರು.

ಈಗ ಅವರ ಭುಜಕ್ಕೆ ಹಗ್ಗ ಆಗುವುದಿಲ್ಲ.
ದಡದಲ್ಲಿ ಕುಳಿತು ಬಲೆಗೆ ಸೀಸದ ಗುಂಡು ಕಟ್ಟುತ್ತಾರೆ,
ಕಿವಿ ಮಾತ್ರ ನನ್ನ ಕಡೆಗೆ.

ಇವತ್ತು ಮರುವಾಯಿ ಹೆಕ್ಕುವ ಹೆಂಗಸರು
ಬುಟ್ಟಿ ಹಿಡಿದು ದೋಣಿಯಲ್ಲಿ ಕುಳಿತಾಗಿದೆ.
ದಿಬ್ಬ ಕಾಣುವುದು ಇನ್ನೆಷ್ಟು ಹೊತ್ತು?
"ಇನ್ನೂ ಎಳಿ ಮಾರಾಯ್ತಿ, ಚೋಕ್ ಎಳಿ," ಅಂದಳು ಅಪ್ಪಿಯಕ್ಕ.
ಎಳೆದೆ. ಆರು ಸಲ ಜಗ್ಗಿದೆ.
ಪೆಟ್ರೋಲಿನ ವಾಸನೆ, ನೀರ ಮೇಲೆ ಬಣ್ಣದ ಪೊರೆ.
ನಾನೇ ಕುಡಿಸಿ ಮುಳುಗಿಸಿದ್ದೇನೆ.

ಪ್ಲಗ್ ಬಿಚ್ಚಿದೆ. ನೈಟಿಯ ಅಂಚಿನಲ್ಲಿ ಒರೆಸಿ ಊದಿದೆ.
ದಡದ ಕಡೆ ನೋಡಿದೆ.
ಅವರು ತಲೆ ಎತ್ತಲಿಲ್ಲ, ಸೀಸದ ಗುಂಡು ಕೈಯಲ್ಲೇ ನಿಂತಿದೆ.
ನೀರು ಒಳಗೆ ಬರತೊಡಗಿ ದೋಣಿಯ ಮೂತಿ
ತಾನಾಗಿ ಹೊಳೆಯ ಕಡೆಗೆ ತಿರುಗುತ್ತಿದೆ.
ಅಪ್ಪಿಯಕ್ಕ ಏನೋ ಹೇಳಲು ಹೊರಟವಳು ಸುಮ್ಮನಾದಳು.
ಅಂಗೈಯಲ್ಲಿ ಪ್ಲಗ್ ಇಟ್ಟುಕೊಂಡು
ಬಿಸಿಲಿಗೆ ಹಿಡಿದಿದ್ದೇನೆ.